ಮುಳಬಾಗಿಲ ಮನೆ ಮಾರುವ ತನಕ

ಓದುಗರ ಪತ್ರ:

ನಾನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಮೇಷ್ಟ್ರು. ವಯಸ್ಸು 46. ಹೆಂಡತಿ ಕೋಲಾರದ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಇಬ್ಬರದೂ ಸೇರಿ ಕೈಗೆ ಸಿಗುವ ಸಂಬಳ 85 ಸಾವಿರ. ಮಗಳ ಕಾಲೇಜು, ಹೆಂಡತಿಯ ನೈಟ್ ಡ್ಯೂಟಿ ಎಲ್ಲ ನೋಡಿಕೊಂಡು ಕೋಲಾರದ ಟಮಕದ ಕಡೆ 48 ಲಕ್ಷದ ಮನೆಗೆ ಅಗ್ರಿಮೆಂಟ್ ಮಾಡಿಕೊಂಡಿದ್ದೇವೆ. 5 ಲಕ್ಷ ಅಡ್ವಾನ್ಸ್ ಕೊಟ್ಟಾಗಿದೆ. 8 ಲಕ್ಷ ಎಫ್‌ಡಿ ಇದೆ. ಮಿಕ್ಕ 35 ಲಕ್ಷ ಮುಳಬಾಗಿಲಿನಲ್ಲಿರುವ ನಮ್ಮ ಮನೆ ಮಾರಿ ಕೊಡೋಣ ಅಂತಿದ್ದೆವು. ಅದು ಅಪ್ಪ ಸ್ವಂತ ದುಡ್ಡಿನಲ್ಲಿ ಕಟ್ಟಿಸಿದ ಮನೆ, ಅವರು ತೀರಿಕೊಂಡು ನಾಲ್ಕು ವರ್ಷವಾಯಿತು, ವಿಲ್ ಇಲ್ಲ. ಬೋರ್ಡು ಹಾಕಿ ಆರು ತಿಂಗಳಾದರೂ ಮಾರಾಟವಾಗಿಲ್ಲ. ಕೋಲಾರದವರು ಇನ್ನು ಮೂರು ತಿಂಗಳಲ್ಲಿ ರಿಜಿಸ್ಟರ್ ಮಾಡಿಸಿಕೊಳ್ಳಿ ಅನ್ನುತ್ತಿದ್ದಾರೆ. ಬಾಮೈದನಿಗೆ ಗೊತ್ತಿರುವ ಒಬ್ಬರು ಮೂರು ರೂಪಾಯಿ ಬಡ್ಡಿಗೆ 20 ಲಕ್ಷ ಕೊಡುತ್ತಾರಂತೆ, ಮುಳಬಾಗಿಲ ಮನೆ ಮೇಲೆ ಅಗ್ರಿಮೆಂಟ್ ಬರೆದುಕೊಟ್ಟರೆ ಸಾಕಂತೆ. ಇನ್ನೊಬ್ಬರು 6 ಲಕ್ಷಕ್ಕೆ ಆ ಮನೆಯನ್ನು ಭೋಗ್ಯಕ್ಕೆ ಕೇಳುತ್ತಿದ್ದಾರೆ. ಬ್ರಿಜ್ ಲೋನ್ ಅಂತ ಒಂದಿದೆ ಅಂತಲೂ ಕೇಳಿದೆ. ಹೆಂಡತಿಯ ಒಡವೆ ಸುಮಾರು 120 ಗ್ರಾಂ ಇದೆ. ಅಮ್ಮ ನಮ್ಮ ಜೊತೆಗಿದ್ದಾರೆ. ತಂಗಿ ಮಾಲೂರಿನಲ್ಲಿದ್ದಾಳೆ, ಅವಳೇನೂ ಕೇಳುವವಳಲ್ಲ. ಆರೇ ತಿಂಗಳ ಮಾತು, ಯಾವ ಸಾಲ ಮಾಡಲಿ?
— ಓದುಗ, ಶ್ರೀನಿವಾಸಪುರ

ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಬಡ್ಡಿಯ ಬಗ್ಗೆ ಎಂಟು ಸಾಲಿದೆ, ತಂಗಿಯ ಬಗ್ಗೆ ಅರ್ಧ ಸಾಲು. ನಾನು ಆ ಅರ್ಧ ಸಾಲಿನಿಂದಲೇ ಶುರುಮಾಡುತ್ತೇನೆ.

ನಿಮ್ಮ ತಂದೆ ಸ್ವಂತ ಸಂಪಾದನೆಯಲ್ಲಿ ಕಟ್ಟಿಸಿದ ಮನೆ, ವಿಲ್ ಬರೆಯದೆ ತೀರಿಕೊಂಡರು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆ ದಿನವೇ ಮನೆ ಮೂರು ಸಮಪಾಲಾಯಿತು: ಅಮ್ಮನಿಗೊಂದು, ನಿಮಗೊಂದು, ತಂಗಿಗೊಂದು. ತಂಗಿ ಮದುವೆಯಾಗಿ ಹೋಗಿದ್ದಾಳೆ ಅನ್ನುವುದು ಈ ಲೆಕ್ಕವನ್ನು ಬದಲಾಯಿಸುವುದಿಲ್ಲ. ಅವರು ಕೇಳುವವರಲ್ಲ ಎಂಬುದು ಅವರ ಒಳ್ಳೆಯತನ. ಆದರೆ ಕೊಳ್ಳುವವನ ಬ್ಯಾಂಕಿನ ವಕೀಲರಿಗೆ ಒಳ್ಳೆಯತನ ಬೇಡ, ಸಹಿ ಬೇಕು. ಆರು ತಿಂಗಳಿಂದ ಮನೆ ಮಾರಾಟವಾಗದ್ದಕ್ಕೆ ನೀವು ಮಾರ್ಕೆಟ್ ಡಲ್ ಅಂತ ಬರೆದಿಲ್ಲ, ಆದರೆ ಮನಸ್ಸಿನಲ್ಲಿ ಅದೇ ಇರಬೇಕು. ಖಾತೆ ಇನ್ನೂ ತಂದೆಯ ಹೆಸರಿನಲ್ಲೇ ಇದ್ದರೆ, ಕಾರಣ ಅಲ್ಲಿದೆ. ನೋಡಿ ಹೋದವರು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಖಾತೆ ನೋಡಿ, ಸುಮ್ಮನೆ ಫೋನ್ ಎತ್ತುವುದು ಬಿಟ್ಟಿರುತ್ತಾರೆ.

ಹಾಗಾಗಿ ಈ ವಾರದ ಕೆಲಸ ಸಾಲ ಹುಡುಕುವುದಲ್ಲ. ತಂದೆಯ ಮರಣ ಪ್ರಮಾಣಪತ್ರ ಹಿಡಿದು ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ಅದು ಬಂದ ಮೇಲೆ ಮುಳಬಾಗಿಲ ನಗರಸಭೆಯಲ್ಲಿ ವಾರಸುದಾರರ ಹೆಸರಿಗೆ ಖಾತೆ, ಆಮೇಲೆ ಇ-ಖಾತೆ. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಇ-ಖಾತೆ ಇಲ್ಲದೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿಯೇ ಆಗುವುದಿಲ್ಲ. ನಿಮ್ಮ ಕೈಯಲ್ಲಿರುವುದು ಹಳೆಯ ಕೈಬರಹದ ಖಾತೆಯಾದರೆ, ನಾಳೆಯೇ ಗಿರಾಕಿ ಪೂರ್ತಿ ದುಡ್ಡು ಹಿಡಿದು ಬಂದರೂ ನೀವು ಮಾರಲಾರಿರಿ. ನಿಮ್ಮ 'ಆರು ತಿಂಗಳು' ಎಣಿಕೆ ಶುರುವಾಗುವುದು ಇ-ಖಾತೆ ಕೈಗೆ ಬಂದ ದಿನದಿಂದ.

ತಂಗಿಯ ವಿಷಯಕ್ಕೆ ಎರಡು ದಾರಿ. ಅವರು ಪಾಲು ಬೇಡವೆಂದರೆ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸಿ. ಕುಟುಂಬದೊಳಗಿನ ಬಿಡುಗಡೆಗೆ ಸ್ಟ್ಯಾಂಪ್ ಡ್ಯೂಟಿ ಕಡಿಮೆ. ಪಾಲು ಬೇಕೆಂದರೆ ಕ್ರಯಪತ್ರಕ್ಕೆ ಅವರೂ ಸಹಿ ಹಾಕಿ ಅವರ ಪಾಲಿನ ಹಣ ಅವರ ಖಾತೆಗೇ ಹೋಗಲಿ. ನೀವು ಇದುವರೆಗೆ ಕೇಳದೇ ಇದ್ದರೆ ಈ ಭಾನುವಾರ ಮಾಲೂರಿಗೆ ಹೋಗಿ, ಭಾವನವರೂ ಇದ್ದಾಗ, ಕೂತು ಕೇಳಿ. ಫೋನಿನಲ್ಲಿ ಬೇಡ. ಸಹಿಗೆ ಮಾತ್ರ ಕರೆದರೆ ಕೇಳದವರಿಗೂ ಕೇಳಬೇಕು ಅನ್ನಿಸುತ್ತದೆ. ಅಮ್ಮನ ಪಾಲೂ ಹಾಗೆಯೇ: ನಿಮ್ಮ ಮನೆಯಲ್ಲಿ ಊಟ ಮಾಡುತ್ತಿದ್ದಾರೆ ಎಂಬುದಕ್ಕೆ ಅದು ನಿಮ್ಮದಾಗುವುದಿಲ್ಲ. ಅವರು ಅದನ್ನು ಮಗಳಿಗೂ ಕೊಡಬಹುದು, ಇಬ್ಬರಿಗೂ ಹಂಚಬಹುದು.

ಈಗ ಲೆಕ್ಕ ಬರೆಯೋಣ. ಮನೆ 33 ಲಕ್ಷಕ್ಕೆ ಹೋಯಿತು ಅಂದುಕೊಳ್ಳಿ. ನಿಮ್ಮ ಪಾಲು 11 ಲಕ್ಷ. ಅಮ್ಮ ತಮ್ಮದನ್ನೂ ನಿಮಗೇ ಕೊಟ್ಟರೆ 22. ಅಂದರೆ 35 ಲಕ್ಷ ಸಾಲ ಮಾಡಿ ಮನೆ ಮಾರಿದ ದಿನ ಪೂರ್ತಿ ತೀರಿಸುತ್ತೇನೆ ಎಂಬ ಲೆಕ್ಕ, ತಂಗಿ ಹಕ್ಕು ಬಿಟ್ಟುಕೊಟ್ಟರೂ ಪೂರ್ತಿ ಕೂಡಿಬರುವುದಿಲ್ಲ, 2 ಲಕ್ಷ ಕಡಿಮೆ ಬೀಳುತ್ತದೆ. ಅದೂ ಅಲ್ಲದೆ ನೀವು ಒಂದು ಖರ್ಚನ್ನು ಬರೆದೇ ಇಲ್ಲ. ಟಮಕದ ಮನೆಯ ನೋಂದಣಿಗೆ ಸ್ಟ್ಯಾಂಪ್ ಡ್ಯೂಟಿ ಶೇ. 5, ಅದರ ಮೇಲಿನ ಸೆಸ್ಸು ಸರ್‌ಚಾರ್ಜು ಸೇರಿ ಶೇ. 5.6, ಜೊತೆಗೆ ನೋಂದಣಿ ಶುಲ್ಕ. ಈ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಯಿತು. ಒಟ್ಟು ಶೇ. 7.6. ನಿಮ್ಮ 48 ಲಕ್ಷಕ್ಕೆ ಇದು ಸುಮಾರು 3 ಲಕ್ಷ 65 ಸಾವಿರ. ಇಷ್ಟು ಹಣಕ್ಕೆ ಬ್ಯಾಂಕಿನ ಗೃಹಸಾಲ ಬರುವುದಿಲ್ಲ, ಕೈಯಿಂದಲೇ ಹೊಂದಿಸಬೇಕು.

ಹೀಗೆ ಬರೆದು ನೋಡಿದರೆ ನಿಮಗೆ ಬೇಕಿರುವುದು ಪೂರ್ತಿ ಅಲ್ಪಾವಧಿ ಸಾಲವಲ್ಲ. ಒಂದು ಭಾಗ ಕೆಲವು ತಿಂಗಳದ್ದು, ಇನ್ನೊಂದು ಭಾಗ ಕೆಲವು ವರ್ಷದ್ದು. ಮೂರು ರೂಪಾಯಿ ಬಡ್ಡಿಯವರು ಎರಡನ್ನೂ ಒಂದೇ ಅಂತ ತೋರಿಸಿ ಮಾರುತ್ತಾರೆ.

ಆ ಮೂರು ರೂಪಾಯಿಯನ್ನೇ ನೋಡೋಣ. ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಶೇ. 36. ನಿಮ್ಮ 20 ಲಕ್ಷಕ್ಕೆ ತಿಂಗಳಿಗೆ 60 ಸಾವಿರ, ಅಸಲು ಒಂದು ರೂಪಾಯಿಯೂ ಇಳಿಯದೆ. ಸಾಮಾನ್ಯವಾಗಿ ಮೊದಲ ತಿಂಗಳ ಬಡ್ಡಿ ಹಿಡಿದುಕೊಂಡೇ ಕೊಡುತ್ತಾರೆ, ಅಲ್ಲಿಗೆ ಕೈಗೆ ಬರುವುದು 19 ಲಕ್ಷ 40 ಸಾವಿರ. ಎಂಟು ತಿಂಗಳಾದರೆ 4 ಲಕ್ಷ 80 ಸಾವಿರ ಬಡ್ಡಿ. ಇದೇ 20 ಲಕ್ಷಕ್ಕೆ ಶೇ. 8.5ರ ಗೃಹಸಾಲದಲ್ಲಿ ತಿಂಗಳ ಬಡ್ಡಿ 14 ಸಾವಿರ ಚಿಲ್ಲರೆ. ಕರ್ನಾಟಕದಲ್ಲಿ ಲೈಸೆನ್ಸ್ ಪಡೆದ ಲೇವಾದೇವಿದಾರರು ಭದ್ರತೆ ಇರುವ ಸಾಲಕ್ಕೆ ವರ್ಷಕ್ಕೆ ಶೇ. 14, ಭದ್ರತೆ ಇಲ್ಲದ್ದಕ್ಕೆ ಶೇ. 16ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಶೇ. 36 ಕೇಳುವವರ ಹತ್ತಿರ ಸಹಕಾರ ಇಲಾಖೆಯ ಲೈಸೆನ್ಸ್ ಇದೆಯೇ ಅಂತ ಬಾಮೈದನನ್ನು ಕೇಳಿ ನೋಡಿ.

ಬಡ್ಡಿಗಿಂತ ನನಗೆ ಹೆದರಿಕೆ ಆಗುವುದು ಆ 'ಅಗ್ರಿಮೆಂಟ್ ಬರೆದುಕೊಟ್ಟರೆ ಸಾಕು' ಎಂಬ ಮಾತಿಗೆ. ಸಾಲ ಕೊಟ್ಟವರು ಸಾಲದ ಪತ್ರ ಬರೆಸಿಕೊಳ್ಳಬೇಕು, ಅಡಮಾನ ಬರೆಸಿಕೊಳ್ಳಬೇಕು. ಇವರು ಬರೆಸಿಕೊಳ್ಳುವುದು ಮಾರಾಟದ ಕರಾರು: ನೀವು 20 ಲಕ್ಷ ಅಡ್ವಾನ್ಸ್ ಪಡೆದು ಮನೆ ಮಾರಲು ಒಪ್ಪಿದ್ದೀರಿ ಅಂತ. ಸಾಲ ತೀರಿಸಿದ ಮೇಲೆ ಹರಿದು ಹಾಕುತ್ತೇವೆ ಎಂಬುದು ಬಾಯಿಮಾತು. ನಾಳೆ ಎರಡು ತಿಂಗಳ ಬಡ್ಡಿ ತಪ್ಪಿದರೆ ಆ ಕಾಗದ ಹಿಡಿದು ಕೋರ್ಟಿಗೆ ಹೋಗಿ, ಮನೆ ನಮಗೆ ಕ್ರಯ ಮಾಡಿಕೊಡಲಿ ಅಂತ ದಾವೆ ಹಾಕಬಹುದು. ಕೆಲವರು ಇನ್ನೂ ಮುಂದೆ ಹೋಗಿ ಶುದ್ಧ ಕ್ರಯವನ್ನೇ ಬರೆಸಿಕೊಂಡು, ವಾಪಸ್ ಬರೆದುಕೊಡುವ ಮಾತನ್ನು ಬೇರೆ ಕಾಗದದಲ್ಲಿ ಇಡುತ್ತಾರೆ. ಆಸ್ತಿ ವರ್ಗಾವಣೆ ಕಾಯ್ದೆ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹಿಂದಿರುಗಿಸುವ ಷರತ್ತು ಅದೇ ಕ್ರಯಪತ್ರದೊಳಗೆ ಇಲ್ಲದಿದ್ದರೆ ಆ ವ್ಯವಹಾರವನ್ನು ಅಡಮಾನ ಎಂದು ಪರಿಗಣಿಸುವುದಿಲ್ಲ. ಮಾರಾಟ ಅಂದರೆ ಮಾರಾಟ. ಇದರ ಜೊತೆಗೆ, ಮೂರರಲ್ಲಿ ಒಂದು ಪಾಲು ಮಾತ್ರ ನಿಮ್ಮದಾಗಿರುವ ಮನೆಗೆ ನೀವೊಬ್ಬರೇ ಕರಾರು ಬರೆದುಕೊಟ್ಟರೆ, ಕೇಳದ ತಂಗಿ ವಿಭಾಗ ದಾವೆ ಹೂಡುವ ಸ್ಥಿತಿ ನೀವೇ ತಂದಂತಾಗುತ್ತದೆ. ಮನೆ ಕೋರ್ಟಿನಲ್ಲಿದ್ದರೆ ಮಾರುವ ಮಾತು ಮರೆತುಬಿಡಿ. ಸಾಲಕ್ಕೆ ಬದಲಾಗಿ ಮಾರಾಟದ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಈ ಅಂಕಣದಲ್ಲಿ ನಾನು 'ಯೋಚಿಸಿ ನೋಡಿ' ಅಂತ ಹೇಳುವುದೇ ಹೆಚ್ಚು. ಇಲ್ಲಿ ಹಾಗೆ ಹೇಳುವುದಿಲ್ಲ.

ನೀವು ಸರ್ಕಾರಿ ನೌಕರರು ಎಂಬುದೂ ನೆನಪಿರಲಿ. ಸ್ಥಿರಾಸ್ತಿ ಕೊಳ್ಳುವುದನ್ನೂ ಮಾರುವುದನ್ನೂ ನಡತೆ ನಿಯಮಗಳ ಪ್ರಕಾರ ಇಲಾಖೆಗೆ ಮೊದಲೇ ತಿಳಿಸಬೇಕು. ಆ ಅರ್ಜಿಯಲ್ಲಿ ಹಣದ ಮೂಲ ಬರೆಯುವ ಜಾಗದಲ್ಲಿ ಬಾಮೈದನ ಪರಿಚಯದವರು ಅಂತ ಬರೆಯಲಾಗುವುದಿಲ್ಲ.

ಭೋಗ್ಯದ ಮಾತು ಇಷ್ಟು ಕೆಟ್ಟದ್ದಲ್ಲ, ಆದರೆ ನಿಮಗೆ ಹೊಂದುವುದಿಲ್ಲ. 6 ಲಕ್ಷ ಪಡೆದು ಮೂರು ವರ್ಷ ಮನೆ ಬಿಟ್ಟುಕೊಟ್ಟರೆ ಅವರಿಗೆ ಬಾಡಿಗೆ ಇಲ್ಲ, ನಿಮಗೆ ಬಡ್ಡಿ ಇಲ್ಲ. ಮುಳಬಾಗಿಲಿನಲ್ಲಿ ಅಂಥ ಮನೆಗೆ 5 ಸಾವಿರ ಬಾಡಿಗೆ ಬರುತ್ತದೆ ಎಂದಿಟ್ಟುಕೊಂಡರೆ ಬಿಟ್ಟುಕೊಟ್ಟ ಬಾಡಿಗೆ ವರ್ಷಕ್ಕೆ 60 ಸಾವಿರ, ಅಂದರೆ 6 ಲಕ್ಷಕ್ಕೆ ಶೇ. 10ರ ಬಡ್ಡಿ ಕಟ್ಟಿದ ಹಾಗೆಯೇ. ದರ ಪರವಾಗಿಲ್ಲ. ತೊಂದರೆ ಇರುವುದು ಒಳಗೆ ಸಂಸಾರ ಕೂತಿರುವ ಮನೆಯನ್ನು ಯಾರೂ ಕೊಳ್ಳಲು ಬರುವುದಿಲ್ಲ ಎಂಬಲ್ಲಿ. ಬಂದರೂ ಭೋಗ್ಯದ ದುಡ್ಡು ಕಳೆದು, ಬಿಡಿಸುವ ರಗಳೆಗೆ ಇನ್ನಷ್ಟು ಕಳೆದು ಬೆಲೆ ಹೇಳುತ್ತಾರೆ. ಮಾರುವ ಯೋಚನೆಯನ್ನೇ ಎರಡು ಮೂರು ವರ್ಷ ಮುಂದೂಡುವವರಿಗೆ ಭೋಗ್ಯ ಸರಿ, ಅದೂ ಪಾಲುದಾರರೆಲ್ಲ ಸಹಿ ಹಾಕಿ, ರಿಜಿಸ್ಟರ್ ಮಾಡಿಸಿ. ಮಾರಬೇಕಾದ ಮನೆ ಖಾಲಿ ಇರಬೇಕು, ಇಸಿಯಲ್ಲಿ ಯಾವ ಸಾಲದ ನಮೂದೂ ಇರಬಾರದು. ಆ ಮನೆ ಮೇಲೆ ಅಡಮಾನ ಸಾಲ ಪಡೆಯುವ ಯೋಚನೆಯನ್ನೂ ಇದೇ ಕಾರಣಕ್ಕೆ ಬಿಡಿ. ಸಾಲ ತೀರಿದ 30 ದಿನದೊಳಗೆ ಮೂಲಪತ್ರ ವಾಪಸ್ ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಅಂತ 2023ರ ಡಿಸೆಂಬರ್‌ನಿಂದ ಆರ್‌ಬಿಐ ನಿಯಮವೇನೋ ಇದೆ. ಆದರೆ ಸಾಮಾನ್ಯ ಗಿರಾಕಿ ಅಷ್ಟು ಕಾಯುವುದಿಲ್ಲ, ಪಕ್ಕದ ಬೀದಿಯ ಮನೆ ನೋಡುತ್ತಾನೆ.

ಬ್ರಿಜ್ ಲೋನ್ ಅನ್ನುವುದು ನಿಜವಾಗಿ ಇದೆ. ಹಳೆಯ ಮನೆ ಮಾರುವ ಮುಂಚೆ ಹೊಸದನ್ನು ಕೊಳ್ಳುವವರಿಗೆಂದೇ ಕೆಲವು ಬ್ಯಾಂಕು, ಹೌಸಿಂಗ್ ಫೈನಾನ್ಸ್ ಕಂಪನಿಗಳು ಕೊಡುವ ಸಾಲ, ಸಾಮಾನ್ಯವಾಗಿ ಎರಡು ವರ್ಷದೊಳಗೆ ತೀರಿಸಬೇಕು, ಬಡ್ಡಿ ಗೃಹಸಾಲಕ್ಕಿಂತ ಹೆಚ್ಚು. ಕೊಡುವವರು ಎರಡೂ ಮನೆಯ ಕಾಗದ ನೋಡುತ್ತಾರೆ. ಹಳೆಯ ಮನೆಯ ಹಕ್ಕು ಸ್ಪಷ್ಟವಾಗಿರಬೇಕು. ಬೆಂಗಳೂರಿನಲ್ಲಿ ಫ್ಲ್ಯಾಟ್ ಮಾರುವವರಿಗೆ ಅದು ಸಿಗಬಹುದು. ತಂದೆಯ ಹೆಸರಿನಲ್ಲೇ ಖಾತೆ ಇರುವ ಮುಳಬಾಗಿಲ ಮನೆ ಹಿಡಿದು ಹೋದರೆ ಮ್ಯಾನೇಜರು ಟೀ ಕುಡಿಸಿ ಕಳಿಸುತ್ತಾರೆ.

ಹಾಗಾದರೆ ಏನು ಮಾಡಬೇಕು? ಟಮಕದ ಮನೆಯ ಮೇಲೆಯೇ ಸಾಮಾನ್ಯ ಗೃಹಸಾಲ ಪಡೆಯಿರಿ. ಫ್ಲೋಟಿಂಗ್ ಬಡ್ಡಿದರದ್ದೇ ಆಗಬೇಕು, ಏಕೆಂದರೆ ವ್ಯಕ್ತಿಗಳು ಪಡೆದ ಫ್ಲೋಟಿಂಗ್ ದರದ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಹದಿನಾಲ್ಕು ವರ್ಷದ ಸಾಲ ಅಂತ ಹೆಸರು, ಎಂಟು ತಿಂಗಳಿಗೆ ಅರ್ಧ ತೀರಿಸಿದರೂ ಕೇಳುವವರಿಲ್ಲ. ಜನ ಇದನ್ನು ಬಿಟ್ಟು ಬೇರೆಲ್ಲ ಹುಡುಕುವುದು ಸಾಲದ ಅವಧಿಯ ಹೆಸರಿಗೇ ಹೆದರಿ. 48 ಲಕ್ಷದ ಮನೆಗೆ ಬ್ಯಾಂಕು ಹೆಚ್ಚೆಂದರೆ ಶೇ. 80, ಅಂದರೆ 38 ಲಕ್ಷ 40 ಸಾವಿರ ಕೊಡಬಹುದು. ನೀವು 36 ಲಕ್ಷ ಪಡೆಯಿರಿ, ಎಫ್‌ಡಿಯಲ್ಲಿ 1 ಲಕ್ಷ ಮುಟ್ಟದೆ ಇಟ್ಟುಕೊಳ್ಳಿ. ನಿವೃತ್ತಿಗೆ 14 ವರ್ಷ ಇದೆ. ಶೇ. 8.5ರಂತೆ ಹಿಡಿದರೆ ಕಂತು ಸುಮಾರು 36,700 ರೂಪಾಯಿ. 85 ಸಾವಿರದಲ್ಲಿ ಇದು ಬಿಗಿ, ಆದರೆ ಉಸಿರು ಕಟ್ಟುವಷ್ಟಲ್ಲ. ಹೆಂಡತಿಯನ್ನು ಸಹಸಾಲಗಾರರಾಗಿ ಸೇರಿಸಿ. ಎಸ್‌ಬಿಐನ ಮ್ಯಾಕ್ಸ್‌ಗೇನ್ ಥರದ ಓವರ್‌ಡ್ರಾಫ್ಟ್ ಗೃಹಸಾಲ ಸಿಕ್ಕರೆ ಇನ್ನೂ ಅನುಕೂಲ, ಮಾರಾಟದ ಹಣ ಅದರಲ್ಲಿ ಕೂತಷ್ಟು ದಿನವೂ ಬಡ್ಡಿ ಕಡಿಮೆಯಾಗುತ್ತದೆ.

ನೋಂದಣಿಯ 3 ಲಕ್ಷ 65 ಸಾವಿರಕ್ಕೆ ಒಡವೆ ಇಡಿ. ನಿಜವಾದ ಅಲ್ಪಾವಧಿ ಸಾಲ ಅಂದರೆ ನಿಮ್ಮ ಪಾಲಿಗೆ ಇಷ್ಟೇ. ನಿಮ್ಮಲ್ಲಿರುವ ಒಡವೆಯಲ್ಲಿ ಅರ್ಧ ಸಾಕಾಗುತ್ತದೆ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಆರ್‌ಬಿಐ ನಿಯಮದಲ್ಲಿ ಎರಡೂವರೆ ಲಕ್ಷದಿಂದ 5 ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಮೌಲ್ಯದ ಶೇ. 80ರವರೆಗೆ ಕೊಡಬಹುದು, ಅದಕ್ಕಿಂತ ದೊಡ್ಡ ಸಾಲಕ್ಕೆ ಶೇ. 75. ಕೊನೆಯಲ್ಲಿ ಒಟ್ಟಿಗೆ ತೀರಿಸುವ ಥರದ್ದಾದರೆ ಅವಧಿ 12 ತಿಂಗಳು, ಮತ್ತು ಮಿತಿಯನ್ನು ಕೊನೆಯ ಬಡ್ಡಿಯನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಬ್ಯಾಂಕಿನಲ್ಲಿಡಿ, ಬೀದಿಯ ಗಿರವಿ ಅಂಗಡಿಯಲ್ಲಲ್ಲ. ತಿಂಗಳ ಬಡ್ಡಿಯನ್ನು ಆಗಾಗಲೇ ಕಟ್ಟುತ್ತಾ ಹೋಗಿ. ತೀರಿಸಿದ ಮೇಲೆ ಏಳು ಕೆಲಸದ ದಿನದೊಳಗೆ ಒಡವೆ ಕೊಡದಿದ್ದರೆ ಅಲ್ಲಿಯೂ ದಿನಕ್ಕೆ 5,000 ಪರಿಹಾರವಿದೆ. ಒಡವೆ ಹೆಂಡತಿಯದು, ಅವರೇ ಬ್ಯಾಂಕಿಗೆ ಬಂದು ಇಡಬೇಕು, ರಸೀದಿ ಅವರ ಹೆಸರಿನಲ್ಲೇ ಇರಬೇಕು. ಇಡಲು ಅವರಿಗೆ ಮನಸ್ಸಿಲ್ಲದಿದ್ದರೆ ನಿಮ್ಮ ಕೆಜಿಐಡಿ ಪಾಲಿಸಿ ಮೇಲೆ ಎಷ್ಟು ಸಾಲ ಸಿಗುತ್ತದೆ ನೋಡಿ, ಎಲ್‌ಐಸಿ ಇದ್ದರೆ ಅದರ ಮೇಲೂ ಸಿಗುತ್ತದೆ. ನೀವು 2006ರ ಏಪ್ರಿಲ್ ನಂತರ ಕೆಲಸಕ್ಕೆ ಸೇರಿದವರಾದರೆ ಜಿಪಿಎಫ್ ದಾರಿ ಇಲ್ಲ. ಚೀಟಿ ಎತ್ತುವ ಯೋಚನೆ ಈಗ ಬೇಡ. ಅವಸರದಲ್ಲಿ ಕೂಗಿದವರೇ ಚೀಟಿಯಲ್ಲಿ ಹೆಚ್ಚು ಕಳೆದುಕೊಳ್ಳುವವರು.

ಇದಕ್ಕೂ ಮುಂಚೆ ಒಂದು ಪುಕ್ಕಟೆ ಕೆಲಸ. ಟಮಕದ ಮನೆಯವರ ಹತ್ತಿರ ಇನ್ನೆರಡು ತಿಂಗಳು ಕೇಳಿ. ಒಪ್ಪಿದರೆ ಅಗ್ರಿಮೆಂಟಿನಲ್ಲೇ ಷರಾ ಬರೆಸಿ ಎರಡೂ ಕಡೆಯವರು ಸಹಿ ಹಾಕಿ. ಬೇಕಾದರೆ ಅಡ್ವಾನ್ಸ್ ಒಂದು ಲಕ್ಷ ಹೆಚ್ಚಿಗೆ ಕೊಡಿ. ಗೃಹಸಾಲ ಮಂಜೂರಾದ ಪತ್ರ ತೋರಿಸಿದರೆ ಬಹಳ ಜನ ಕಾಯುತ್ತಾರೆ.

ಇನ್ನು ಮುಳಬಾಗಿಲ ಮನೆಯ ಬೆಲೆ. 35 ಲಕ್ಷ ಎಂಬ ಅಂಕಿ ಎಲ್ಲಿಂದ ಬಂತು? ಮಾಲೂರಿನ ನೆಂಟರ ಮಾತಿನಿಂದ ಬಂದಿದ್ದರೆ ಬಿಟ್ಟುಬಿಡಿ. ಮಾಲೂರಿನ ರೇಟನ್ನು ಏರಿಸುವುದು ಬೆಂಗಳೂರು, ಅಲ್ಲಿನ ಕೈಗಾರಿಕಾ ಪ್ರದೇಶ, ಈಗ ಚೆನ್ನೈ ಎಕ್ಸ್‌ಪ್ರೆಸ್‌ವೇ. ಮುಳಬಾಗಿಲಿನಲ್ಲಿ ಕೊಳ್ಳುವವರು ಹೆಚ್ಚಾಗಿ ಊರಿನವರೇ: ವ್ಯಾಪಾರಸ್ಥರು, ನೌಕರರು, ಟೊಮೆಟೊ ಕೈಹಿಡಿದ ವರ್ಷ ರೈತರು. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿಯ ಬಾಕ್ಸು 2,000 ರೂಪಾಯಿ ದಾಟಿದಂಥ ಕಾಲ ವರ್ಷವರ್ಷ ಬರುವುದಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಅಡ್ವಾನ್ಸ್ ಕೊಡುವವರೂ ಕಡಿಮೆ, ಆ ತಿಂಗಳುಗಳನ್ನು ಎಣಿಕೆಯಿಂದ ಮೊದಲೇ ಕಳೆದುಬಿಡಿ. ನಿಮ್ಮ ಬೀದಿಯಲ್ಲಿ ಇತ್ತೀಚೆಗೆ ಯಾವ ಮನೆ ಎಷ್ಟಕ್ಕೆ ಹೋಯಿತು, ಮಾರ್ಗಸೂಚಿ ದರ ಎಷ್ಟು ಅಂತ ತಿಳಿದುಕೊಂಡು ಬೆಲೆ ಹೇಳಿ. ಎರಡು ಲಕ್ಷ ಹೆಚ್ಚಿಗೆ ಸಿಗಲಿ ಅಂತ ಎಂಟು ತಿಂಗಳು ಕಾದರೆ ನಿಮಗೂ ಅಮ್ಮನಿಗೂ ಸೇರಿ ಸಿಗುವುದು 1 ಲಕ್ಷ 33 ಸಾವಿರ, ಅಷ್ಟರಲ್ಲಿ 22 ಲಕ್ಷಕ್ಕೆ ನೀವು ಕಟ್ಟುವ ಬಡ್ಡಿ 1 ಲಕ್ಷ 25 ಸಾವಿರ. ಅಷ್ಟಕ್ಕಾಗಿ ಎಂಟು ತಿಂಗಳು ನಿದ್ದೆ ಕೆಡಿಸಿಕೊಳ್ಳಬೇಕೆ?

ಗಿರಾಕಿ ಸಿಕ್ಕಾಗ ಅಡ್ವಾನ್ಸನ್ನು ನಗದಾಗಿ ಪಡೆಯಬೇಡಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅರ್ಧ ಬ್ಲ್ಯಾಕ್ ಅರ್ಧ ವೈಟ್ ಅನ್ನುವ ಗಿರಾಕಿಯ ಹಣವನ್ನು ನೀವು ಗೃಹಸಾಲಕ್ಕೂ ಕಟ್ಟಲಾರಿರಿ.

ತೆರಿಗೆಯದೂ ಒಂದು ಗಡುವಿದೆ, ಇದನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಹಳೆಯ ಮನೆಯ ಲಾಭವನ್ನು ಹೊಸ ಮನೆಗೆ ಹಾಕಿದ್ದೇನೆ ಅಂತ ವಿನಾಯಿತಿ ಪಡೆಯಬೇಕಾದರೆ, ಹೊಸ ಮನೆ ಕೊಂಡ ಒಂದು ವರ್ಷದೊಳಗೆ ಹಳೆಯದು ಮಾರಾಟವಾಗಿರಬೇಕು. ಮೊದಲು ಮಾರಿ ಆಮೇಲೆ ಕೊಳ್ಳುವವರಿಗೆ ಎರಡು ವರ್ಷ ಸಿಗುತ್ತದೆ, ನಿಮಗೆ ಒಂದೇ. ಹೊಸ ಮನೆಯ ಕ್ರಯಪತ್ರದಲ್ಲಿ ನಿಮ್ಮ ಹೆಸರು ಇರಲೇಬೇಕು. ಅಮ್ಮನ ಮತ್ತು ತಂಗಿಯ ಪಾಲಿನ ಲಾಭ ಅವರವರ ಲೆಕ್ಕಕ್ಕೆ ಹೋಗುತ್ತದೆ, ಅದಕ್ಕೆ ಆಡಿಟರನ್ನು ಮೊದಲೇ ಕಾಣಿ.

ಮಾರಾಟದ ಹಣ ಬಂದ ದಿನ ಮೊದಲು ಒಡವೆ ಬಿಡಿಸಿ. ಉಳಿದದ್ದನ್ನು ಗೃಹಸಾಲದ ಅಸಲಿಗೆ ಕಟ್ಟಿ, ಕಂತು ಇಳಿಸಬೇಡಿ, ಅವಧಿ ಇಳಿಸಿ ಅಂತ ಬ್ಯಾಂಕಿಗೆ ಬರೆದುಕೊಡಿ. 22 ಲಕ್ಷ ಸಿಕ್ಕರೆ ಸಾಲ 17-18 ಲಕ್ಷಕ್ಕೆ ಇಳಿಯುತ್ತದೆ, ಅದೇ 36,700ರ ಕಂತಿನಲ್ಲಿ ಸುಮಾರು ಐದು ವರ್ಷಕ್ಕೆ ತೀರುತ್ತದೆ. ನಿಮ್ಮ ಪಾಲಿನ 11 ಲಕ್ಷ ಮಾತ್ರ ಸಿಕ್ಕರೂ ನಿವೃತ್ತಿಗೆ ಮುಂಚೆ ಮುಗಿಯುತ್ತದೆ.

ಬಾಮೈದನಿಗೆ ಇವತ್ತೇ ಬೇಡ ಅಂತ ಹೇಳಿಬಿಡಿ, ಭಾನುವಾರ ಮಾಲೂರಿಗೆ ಹೋಗಿ ಬನ್ನಿ. ತಂಗಿ ಏನಂದರು ಅಂತ ಬರೆಯಿರಿ. ಅವರ ಉತ್ತರ ಬಂದ ಮೇಲೆ ಸಾಲದ ಮೊತ್ತ ಇನ್ನೊಮ್ಮೆ ಲೆಕ್ಕ ಹಾಕೋಣ.